ಬಯಲುಸೀಮೆಯ ರಸ್ತೆಯಲ್ಲಿ ಇಂಟರ್ವಲ್ ತರಬೇತಿ: ಎದೆಬಡಿತದಿಂದ ಶ್ರಮವನ್ನು ಅಳೆಯುವ ಬಗೆ

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಸೈಕಲ್ ತುಳಿಯುವವರಿಗೆ ವೇಗವನ್ನು ನಂಬಿ ಇಂಟರ್ವಲ್ ಅಭ್ಯಾಸ ಮಾಡುವುದು ಕಷ್ಟ. ಇಂಟರ್ವಲ್ ಎಂದರೆ ನಿಗದಿತ ಹೊತ್ತು ಬಿರುಸಾಗಿ ತುಳಿದು, ನಡುವೆ ಹಗುರವಾದ ಬಿಡುವು ಕೊಟ್ಟು, ಮತ್ತೆ ಮತ್ತೆ ಹಾಗೆಯೇ ಮಾಡುವುದು; ಅಂತಹ ಒಂದೊಂದು ಬಿರುಸಾದ ತುಳಿತವನ್ನು ಇಲ್ಲಿ ಸುತ್ತು ಎನ್ನುತ್ತೇವೆ. ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿ ಬೀಸತೊಡಗಿದರೆ, ಕೊಪ್ಪಳದಿಂದ ಗದಗಿನ ದಿಕ್ಕಿಗೆ ಹೊರಟ ಸವಾರ ಗಂಟೆಗೆ 20 ಕಿಲೋಮೀಟರ್ ವೇಗಕ್ಕೇ ಏದುಸಿರು ಬಿಡುತ್ತಾನೆ. ಅದೇ ಸವಾರ ಅದೇ ದಾರಿಯಲ್ಲಿ ಹಿಂದಿರುಗುವಾಗ 35ರ ವೇಗದಲ್ಲಿ ಜೊತೆಗಾರನೊಡನೆ ಮಾತನಾಡುತ್ತ ಬರಬಲ್ಲ. ಗಾಳಿಯನ್ನು ತಡೆಯಲು ಮರವಿಲ್ಲ, ಗುಡ್ಡವಿಲ್ಲ, ಹೊಲಗಳ ನಡುವೆ ನೆಟ್ಟಗೆ ಹೋಗುವ ರಸ್ತೆ ಮಾತ್ರ ಇದೆ. ಇಂತಹ ಕಡೆ ಸೈಕಲ್ ಕಂಪ್ಯೂಟರಿನ ವೇಗದ ಅಂಕಿ ಸವಾರನ ಶ್ರಮಕ್ಕಿಂತ ಗಾಳಿಯ ಮರ್ಜಿಯನ್ನೇ ಹೆಚ್ಚು ತೋರಿಸುತ್ತದೆ. ಪೆಡಲಿನ ಮೇಲೆ ಬೀಳುವ ಶಕ್ತಿಯನ್ನು ನೇರವಾಗಿ ಅಳೆಯುವ ಪವರ್ ಮೀಟರ್ ಇದ್ದರೆ ಸಮಸ್ಯೆ ಬಹುಮಟ್ಟಿಗೆ ತೀರುತ್ತದೆಯಾದರೂ, ಅದರ ಬೆಲೆ ಅನೇಕರಿಗೆ ಸೈಕಲ್ಲಿನ ಬೆಲೆಗೇ ಸಮನಾಗುತ್ತದೆ. ಕೈಗೆಟಕುವ ಅಳತೆಗೋಲೆಂದರೆ ಎದೆಬಡಿತ.

ಆದರೆ ಈ ಅಳತೆಗೋಲಿಗೆ ಅದರದೇ ಆದ ಎರಡು ಗುಣಗಳಿವೆ. ಶ್ರಮ ಹೆಚ್ಚಿದ ಕ್ಷಣದಲ್ಲಿಯೇ ಬಡಿತ ಏರುವುದಿಲ್ಲ; ಶ್ರಮ ಹೆಚ್ಚದಿದ್ದರೂ ಬಿಸಿಲಿನಲ್ಲಿ ಅದು ಏರುತ್ತ ಹೋಗುತ್ತದೆ. ಇವೆರಡನ್ನೂ ಅರಿಯದೆ ಪರದೆಯ ಅಂಕಿಯ ಹಿಂದೆ ಓಡುವವರು ಇಂಟರ್ವಲ್ಲಿನ ಮೊದಲ ನಿಮಿಷದಲ್ಲಿ ಅತಿಯಾಗಿ ತುಳಿದು, ಕೊನೆಯ ನಿಮಿಷದಲ್ಲಿ ಕಾಲು ಸೋತು ನಿಲ್ಲುತ್ತಾರೆ. ಸುತ್ತಿನ ಆರಂಭದಲ್ಲಿ ಉಸಿರು ಮತ್ತು ಕಾಲುಗಳ ಅನುಭವವನ್ನು ನಂಬಿ ತುಳಿಯಬೇಕು. ಸುತ್ತಿನ ಕೊನೆಯ ಮೂರನೆಯ ಒಂದು ಭಾಗದಲ್ಲಿ ಎದೆಬಡಿತವನ್ನು ನೋಡಿ ಆ ಅಂದಾಜು ಸರಿಯಿತ್ತೇ ಎಂದು ಪರೀಕ್ಷಿಸಬೇಕು. ಈ ಲೇಖನದಲ್ಲಿ ಮುಂದೆ ಬರುವುದೆಲ್ಲ ಈ ಒಂದು ಕ್ರಮದ ವಿವರಣೆ.

ಬಡಿತ ಏಕೆ ತಡವಾಗಿ ಏರುತ್ತದೆ

ಜೋರಾಗಿ ತುಳಿಯಲು ಆರಂಭಿಸಿದ ಮೊದಲ ಸೆಕೆಂಡುಗಳಲ್ಲಿ ಸ್ನಾಯುಗಳು ತಮ್ಮಲ್ಲಿ ಕೂಡಿಟ್ಟುಕೊಂಡ ಶಕ್ತಿಯಿಂದಲೇ ಕೆಲಸ ನಡೆಸುತ್ತವೆ. ಆಮ್ಲಜನಕದ ಬೇಡಿಕೆ ಹೆಚ್ಚಿದ ಸುದ್ದಿ ನರಗಳ ಮತ್ತು ಹಾರ್ಮೋನುಗಳ ಮೂಲಕ ಹೃದಯಕ್ಕೆ ಮುಟ್ಟಿ, ಬಡಿತ ಹೊಸ ಮಟ್ಟಕ್ಕೆ ಏರಿ ನಿಲ್ಲಲು ಸಾಮಾನ್ಯವಾಗಿ ಒಂದೂವರೆಯಿಂದ ಮೂರು ನಿಮಿಷ ಬೇಕಾಗುತ್ತದೆ. ತುಂಗಭದ್ರಾ ಅಣೆಕಟ್ಟೆಯ ಬಳಿಯ ಮುನಿರಾಬಾದಿನಲ್ಲಿ ತೂಬು ಎತ್ತಿದ ಕೂಡಲೇ ಎಡದಂಡೆ ಕಾಲುವೆಯ ಕೊನೆಯಂಚಿನಲ್ಲಿರುವ ರಾಯಚೂರು ಸೀಮೆಯ ಹೊಲಕ್ಕೆ ನೀರು ಬರುವುದಿಲ್ಲ, ಮೇಲೆ ತೂಬು ಇಳಿಸಿದ ಕೂಡಲೇ ಕೆಳಗೆ ಹರಿವು ನಿಲ್ಲುವುದೂ ಇಲ್ಲ. ಎದೆಬಡಿತದ ನಡೆಯೂ ಇದೇ ತೆರನಾದದ್ದು. ಒಂದು ಬಿರುಸಾದ ಸುತ್ತು ಮುಗಿಸಿ ಪೆಡಲ್ ಸಡಿಲಿಸಿದ ಮೇಲೂ ಕೆಲವು ಸೆಕೆಂಡು ಬಡಿತ ಏರುತ್ತಲೇ ಇರುವುದನ್ನು ಮಾಪಕ ಕಟ್ಟಿಕೊಂಡ ಪ್ರತಿಯೊಬ್ಬರೂ ಕಂಡಿರುತ್ತಾರೆ.

ಇದರಿಂದ ಒಂದು ಖಚಿತವಾದ ನಿಯಮ ಹುಟ್ಟುತ್ತದೆ. ಎರಡು ನಿಮಿಷಕ್ಕಿಂತ ಚಿಕ್ಕದಾದ ಸುತ್ತುಗಳಲ್ಲಿ ಎದೆಬಡಿತವನ್ನು ಗುರಿಯಾಗಿ ಇಟ್ಟುಕೊಳ್ಳಬಾರದು. ಜಪಾನಿನ ಸಂಶೋಧಕ ಇಜುಮಿ ತಬಾಟಾ 1996ರಲ್ಲಿ ಪ್ರಕಟಿಸಿದ, 20 ಸೆಕೆಂಡು ಬಿರುಸಾಗಿ ತುಳಿದು 10 ಸೆಕೆಂಡು ಬಿಡುವು ಕೊಡುವ ಪ್ರಸಿದ್ಧ ವಿಧಾನದಲ್ಲಿ, ಬಡಿತ ಏರುವಷ್ಟರಲ್ಲಿ ಸುತ್ತು ಮುಗಿದಿರುತ್ತದೆ. ಅಲ್ಲಿ ಕಾಲಿನ ಬಲವೇ ಮಾರ್ಗದರ್ಶಿ. ನಾಲ್ಕು ನಿಮಿಷದ ಸುತ್ತಿನಲ್ಲಿ ಬಡಿತ ಅರ್ಧದಷ್ಟು ಉಪಯೋಗಕ್ಕೆ ಬರುತ್ತದೆ. ಎಂಟು ನಿಮಿಷ ಮತ್ತು ಅದಕ್ಕಿಂತ ದೊಡ್ಡ ಸುತ್ತುಗಳಲ್ಲಿ ಅದರ ಬೆಲೆ ಪೂರ್ತಿಯಾಗಿ ದೊರೆಯುತ್ತದೆ. ಮಾಪಕವೊಂದನ್ನೇ ನೆಚ್ಚಿಕೊಂಡಿರುವ ಸವಾರರು ಹೀಗಾಗಿ ಎಂಟು ನಿಮಿಷ ಅಥವಾ ಅದಕ್ಕಿಂತ ದೊಡ್ಡ ಸುತ್ತುಗಳಿಂದ ಆರಂಭಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಎದೆಬಡಿತಕ್ಕೂ ಇಂಟರ್ವಲ್ ತರಬೇತಿಗೂ ಇರುವ ನಂಟು ಇಂದಿನ ಗಡಿಯಾರಗಳ ಜೊತೆಗೆ ಬಂದದ್ದಲ್ಲ. 1930ರ ದಶಕದಲ್ಲಿ ಜರ್ಮನಿಯ ಓಟದ ಕೋಚ್ ವೋಲ್ಡೆಮಾರ್ ಗೆರ್ಶ್ಲರ್ ಮತ್ತು ವೈದ್ಯ ಹರ್ಬರ್ಟ್ ರೈಂಡೆಲ್ ಸೇರಿ ರೂಪಿಸಿದ ಪದ್ಧತಿಯಲ್ಲಿ, ಓಟಗಾರನ ಬಡಿತ ನಿಮಿಷಕ್ಕೆ 180ರ ಸುಮಾರಿಗೆ ಏರಬೇಕಿತ್ತು ಮತ್ತು 120ಕ್ಕೆ ಇಳಿದ ಮೇಲೆಯೇ ಮುಂದಿನ ಓಟ ಆರಂಭವಾಗಬೇಕಿತ್ತು. ಹಾಗೆ ಇಳಿಯಲು 90 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಆ ದಿನದ ಅಭ್ಯಾಸ ಅತಿಯಾಯಿತೆಂದು ತಿಳಿಯುತ್ತಿದ್ದರು. ಗೆರ್ಶ್ಲರ್ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ 800 ಮೀಟರ್ ಓಟವನ್ನು 1 ನಿಮಿಷ 46.6 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದರು. ಗಮನಿಸಬೇಕಾದ ಸಂಗತಿಯೆಂದರೆ, ಗೆರ್ಶ್ಲರ್ ಮತ್ತು ರೈಂಡೆಲ್ ಬಡಿತವನ್ನು ಮುಖ್ಯವಾಗಿ ಬಳಸಿದ್ದು ಬಿಡುವಿನ ಅಳತೆಗೆ. ಬಡಿತ ಎಷ್ಟು ಏರಿತೆನ್ನುವುದಕ್ಕಿಂತ ಎಷ್ಟು ಬೇಗ ಇಳಿಯಿತೆನ್ನುವುದು ದಣಿವಿನ ಬಗ್ಗೆ ಹೆಚ್ಚು ಹೇಳುತ್ತದೆ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಮಾಪಕದ ಆಯ್ಕೆ

ಎದೆಗೆ ಕಟ್ಟುವ ಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನು ಹಿಡಿಯುತ್ತದೆ. ಕೈಗಡಿಯಾರ ಚರ್ಮದಡಿಯ ರಕ್ತದ ಹರಿವನ್ನು ಬೆಳಕಿನಿಂದ ಓದುತ್ತದೆ. ಇಂಟರ್ವಲ್ಲಿಗೆ ಎದೆಪಟ್ಟಿಯೇ ಲೇಸು. ಹ್ಯಾಂಡಲ್ ಬಿಗಿಯಾಗಿ ಹಿಡಿದಾಗ ಮಣಿಕಟ್ಟು ಮಡಚಿಕೊಳ್ಳುತ್ತದೆ, ಗುಂಡಿ ಬಿದ್ದ ರಸ್ತೆಯಲ್ಲಿ ಗಡಿಯಾರ ಅಲುಗಾಡುತ್ತದೆ, ಬಡಿತ ಥಟ್ಟನೆ ಏರಿಳಿಯುವಾಗ ಬೆಳಕಿನ ಸೆನ್ಸಾರ್ ಹಿಂದೆ ಬೀಳುತ್ತದೆ. ಮೊದಲೇ ತಡವಾಗಿ ಬರುವ ಬಡಿತಕ್ಕೆ ಮಾಪಕದ ತಡವೂ ಸೇರಿದರೆ ನಾಲ್ಕು ನಿಮಿಷದ ಸುತ್ತಿನಲ್ಲಿ ನೋಡಲು ಏನೂ ಉಳಿಯುವುದಿಲ್ಲ. ಗಡಿಯಾರವೇ ಇರುವುದಾದರೆ ಅದನ್ನು ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲಕ್ಕೆ, ಸಾಧಾರಣಕ್ಕಿಂತ ಬಿಗಿಯಾಗಿ ಕಟ್ಟಬೇಕು. ತೋಳಿಗೆ ಕಟ್ಟುವ ಬೆಳಕಿನ ಪಟ್ಟಿಗಳು ಮಣಿಕಟ್ಟಿನವಕ್ಕಿಂತ ಸ್ಥಿರವಾಗಿ ಓದುತ್ತವೆ.

ಎದೆಪಟ್ಟಿಗೂ ನಮ್ಮ ಸೀಮೆಯಲ್ಲಿ ಒಂದು ತೊಡಕಿದೆ. ಫೆಬ್ರವರಿಯಿಂದ ಮೇ ತನಕ ಗಾಳಿ ಎಷ್ಟು ಒಣಗಿರುತ್ತದೆಂದರೆ ಮೈ ಬೆವರುವ ಮೊದಲು ಪಟ್ಟಿಗೂ ಚರ್ಮಕ್ಕೂ ಸರಿಯಾದ ಸಂಪರ್ಕ ಏರ್ಪಡುವುದಿಲ್ಲ; ಒಣಗಾಳಿಗೆ ಪಟಪಟನೆ ಬಡಿಯುವ ನೈಲಾನ್ ಜೆರ್ಸಿಯಿಂದ ಹುಟ್ಟುವ ಸ್ಥಿರವಿದ್ಯುತ್ತನ್ನೂ ಪಟ್ಟಿ ಬಡಿತವೆಂದು ಎಣಿಸಿಬಿಡುತ್ತದೆ. ಸಾವಧಾನವಾಗಿ ತುಳಿಯುತ್ತಿರುವಾಗ ಪರದೆಯ ಮೇಲೆ 210 ಅಥವಾ 220 ಕಾಣಿಸಿಕೊಂಡರೆ ಮೊದಲು ಪಟ್ಟಿಯನ್ನು ಸಂಶಯಿಸಿ. ಕಟ್ಟುವ ಮುನ್ನ ಅದರ ಎರಡೂ ಸಂಪರ್ಕ ಭಾಗಗಳನ್ನು ನೀರಿನಿಂದ ಚೆನ್ನಾಗಿ ತೋಯಿಸುವುದು, ಬೇಸಗೆಯಲ್ಲಿ ಬಿಗಿಯಾದ ಒಳಅಂಗಿ ತೊಡುವುದು, ಮನೆಗೆ ಬಂದ ಮೇಲೆ ಉಪ್ಪು ಕಟ್ಟದಂತೆ ಪಟ್ಟಿಯನ್ನು ತೊಳೆದು ನೆರಳಿನಲ್ಲಿ ಒಣಗಿಸುವುದು, ಇಷ್ಟನ್ನು ಮಾಡಿದರೆ ತೊಂದರೆ ಬಹಳ ಕಡಿಮೆಯಾಗುತ್ತದೆ. ಪಟ್ಟಿಯನ್ನು ಸರಿಪಡಿಸಿದ ಮೇಲೂ ಅಂತಹ ಅಂಕಿ ಮತ್ತೆ ಮತ್ತೆ ಬರುತ್ತಿದ್ದರೆ, ಅದರಲ್ಲಿಯೂ ಎದೆ ಹೊಯ್ದಾಡಿದಂತಾದರೆ ಅಥವಾ ತಲೆ ತಿರುಗಿದರೆ, ತುಳಿಯುವುದನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಮಾಪಕವೇ ಇಲ್ಲದವರೂ ಈ ಅಭ್ಯಾಸದಿಂದ ದೂರ ಉಳಿಯಬೇಕಾಗಿಲ್ಲ. ಸುತ್ತು ಮುಗಿದ ಕೂಡಲೇ ರಸ್ತೆಯಂಚಿಗೆ ನಿಂತು, ಕೊರಳಿನ ಪಕ್ಕದ ನಾಡಿಯನ್ನು ಎರಡು ಬೆರಳಿನಿಂದ ಮೆಲ್ಲಗೆ ಒತ್ತಿ 10 ಸೆಕೆಂಡು ಎಣಿಸಿ 6ರಿಂದ ಗುಣಿಸಬಹುದು. ಪೂರ್ತಿ ಒಂದು ನಿಮಿಷ ಎಣಿಸಿದರೆ ಎಣಿಸುತ್ತಿರುವಾಗಲೇ ಬಡಿತ ಇಳಿದು ಲೆಕ್ಕ ತಪ್ಪುತ್ತದೆ. ಸಾದಾ ಸೈಕಲ್ಲಿನಲ್ಲಿ ಶಾಲೆಯ ಕ್ರೀಡಾಕೂಟಕ್ಕೆ ತಯಾರಾಗುವ ಮಕ್ಕಳಿಗೆ ಇದನ್ನು ಕಲಿಸಿಕೊಡುವುದು ದೈಹಿಕ ಶಿಕ್ಷಕರಿಗೆ ಕಷ್ಟದ ಕೆಲಸವಲ್ಲ.

ನಿಮ್ಮ ಅಂಕಿಗಳನ್ನು ಕಂಡುಕೊಳ್ಳುವುದು

220ರಿಂದ ವಯಸ್ಸನ್ನು ಕಳೆದರೆ ಗರಿಷ್ಠ ಎದೆಬಡಿತ ಸಿಗುತ್ತದೆಂಬ ಸೂತ್ರ ಜಿಮ್ಮಿನ ಗೋಡೆಗಳ ಮೇಲೆಲ್ಲ ಇದೆ. 2001ರಲ್ಲಿ ತನಾಕಾ ಮತ್ತು ಸಂಗಡಿಗರು ಪ್ರಕಟಿಸಿದ ಇನ್ನೊಂದು ಸೂತ್ರದ ಪ್ರಕಾರ ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಬೇಕು. ನಲವತ್ತರ ವಯಸ್ಸಿನವರಿಗೆ ಎರಡೂ 180 ಎನ್ನುತ್ತವೆ. ಐವತ್ತೈದರವರಿಗೆ ಮೊದಲನೆಯದು 165 ಎಂದರೆ ಎರಡನೆಯದು ಹತ್ತಿರ ಹತ್ತಿರ 170 ಎನ್ನುತ್ತದೆ. ಎರಡನೆಯದು ಹೆಚ್ಚು ನಂಬಿಕೆಗೆ ಅರ್ಹವಾದರೂ ಎರಡೂ ಹೇಳುವುದು ಜನಸಮೂಹದ ಸರಾಸರಿಯನ್ನು. ಒಬ್ಬೊಬ್ಬ ವ್ಯಕ್ತಿಯಲ್ಲಿ ನಿಜವಾದ ಗರಿಷ್ಠ ಬಡಿತ ಇದಕ್ಕಿಂತ 10 ಬಡಿತ ಮೇಲೆ ಅಥವಾ ಕೆಳಗೆ ಇರುವುದು ತೀರ ಸಾಮಾನ್ಯ. ಓಡುವಾಗಿನ ಗರಿಷ್ಠಕ್ಕಿಂತ ಸೈಕಲ್ ತುಳಿಯುವಾಗಿನ ಗರಿಷ್ಠ ಬಹುಪಾಲು ಜನರಲ್ಲಿ ಐದರಿಂದ ಹತ್ತು ಬಡಿತ ಕಡಿಮೆಯಿರುತ್ತದೆ, ಏಕೆಂದರೆ ಸೀಟು ದೇಹದ ಭಾರವನ್ನು ಹೊರುತ್ತದೆ ಮತ್ತು ಕೆಲಸ ಮಾಡುವ ಸ್ನಾಯುಗಳು ಕಡಿಮೆ. ಹೀಗಾಗಿ ಓಟದ ಅಂಕಿಯನ್ನು ಸೈಕಲ್ಲಿಗೆ ತಂದು ಹೊಂದಿಸುವುದೂ ತಪ್ಪು.

ಇಂಟರ್ವಲ್ಲಿಗೆ ಗರಿಷ್ಠ ಬಡಿತಕ್ಕಿಂತ ಹೆಚ್ಚು ಉಪಯುಕ್ತವಾದ ಅಂಕಿ ಇನ್ನೊಂದಿದೆ: ಸುಮಾರು ಒಂದು ಗಂಟೆಯ ತನಕ ಎಡೆಬಿಡದೆ ಹಿಡಿದಿಡಬಹುದಾದ ಅತಿ ಹೆಚ್ಚಿನ ಶ್ರಮದಲ್ಲಿ ಹೃದಯ ಎಷ್ಟು ಸಲ ಬಡಿಯುತ್ತದೆ ಎಂಬುದು. ಇದನ್ನು ಇಲ್ಲಿ ಮಿತಿಬಡಿತ ಎಂದು ಕರೆಯೋಣ. ಈ ಮಟ್ಟವನ್ನು ದಾಟಿದರೆ ಸ್ನಾಯುಗಳ ಬಿರುಸಾದ ದುಡಿಮೆಯಿಂದ ಹುಟ್ಟುವ ಲ್ಯಾಕ್ಟೇಟ್ ರಕ್ತದಲ್ಲಿ ಕರಗುವುದಕ್ಕಿಂತ ಬೇಗ ಕೂಡುತ್ತ ಹೋಗಿ, ಉಸಿರು ಕೈಮೀರುತ್ತದೆ. ಅಮೆರಿಕದ ಕೋಚ್ ಜೋ ಫ್ರೀಲ್ ಜನಪ್ರಿಯಗೊಳಿಸಿದ ಪರೀಕ್ಷೆಯಿಂದ ಇದನ್ನು ಮನೆಯ ಹತ್ತಿರವೇ ಕಂಡುಕೊಳ್ಳಬಹುದು. ಇಪ್ಪತ್ತು ನಿಮಿಷ ಮೈ ಬಿಸಿ ಮಾಡಿಕೊಂಡ ಮೇಲೆ, ಒಬ್ಬರೇ, 30 ನಿಮಿಷದ ಸ್ಪರ್ಧೆಯೆಂಬಂತೆ ಸಮವಾಗಿ ತುಳಿಯಬೇಕು. 10 ನಿಮಿಷ ಕಳೆದಾಗ, ಅಲ್ಲಿಂದ ಹೊಸ ಲೆಕ್ಕ ಆರಂಭಿಸುವ ಲ್ಯಾಪ್ ಗುಂಡಿಯನ್ನು ಮಾಪಕದಲ್ಲಿ ಒತ್ತಿ, ಉಳಿದ 20 ನಿಮಿಷದ ಸರಾಸರಿ ಬಡಿತವನ್ನು ಬರೆದಿಟ್ಟುಕೊಳ್ಳಬೇಕು. ಅದೇ ಮಿತಿಬಡಿತ. ಜೊತೆಗಾರರಿದ್ದರೆ ಪೈಪೋಟಿಗೆ ಬಿದ್ದು ಸಮತೋಲ ತಪ್ಪುತ್ತದೆಯಾದ್ದರಿಂದ ಒಬ್ಬರೇ ಎಂಬ ಮಾತನ್ನು ಕಡೆಗಣಿಸಬಾರದು.

ಅರ್ಧ ಗಂಟೆ ಎಲ್ಲಿಯೂ ನಿಲ್ಲದೆ ತುಳಿಯುವ ಜಾಗ ಬೇಕು. ರೈಲ್ವೆ ಗೇಟು, ಊರಿನ ಅಗಸಿ, ರಸ್ತೆತಡೆ ಇವು ಯಾವುವೂ ನಡುವೆ ಬರಬಾರದು. ಹುಬ್ಬಳ್ಳಿಯಿಂದ ಗದಗ, ಕೊಪ್ಪಳ, ಹೊಸಪೇಟೆಗಳ ಮೂಲಕ ಬಳ್ಳಾರಿಗೆ ಬರುವ ರಾಷ್ಟ್ರೀಯ ಹೆದ್ದಾರಿ 67ರ ಮುಖ್ಯ ಪಥ ಲಾರಿಗಳದ್ದು. ಅಲ್ಲಿ ತಲೆ ತಗ್ಗಿಸಿ ತುಳಿಯುವುದು ಅಪಾಯ. ಸಂಚಾರ ಕಡಿಮೆಯಿರುವ ಒಳರಸ್ತೆಯನ್ನೋ, ಓಡಾಟಕ್ಕೆ ಅನುಮತಿಯಿರುವ ಕಾಲುವೆಯ ಪಕ್ಕದ ಡಾಂಬರು ದಾರಿಯನ್ನೋ ಆರಿಸಿಕೊಂಡು, ಹಿಂದಿನ ದಿನವೇ ಒಮ್ಮೆ ನೋಡಿಕೊಂಡು ಬರಬೇಕು. ಗಂಗಾವತಿ, ಕಾರಟಗಿ, ಸಿಂಧನೂರಿನ ಭಾಗದಲ್ಲಿ ಸುಗ್ಗಿ ಬಂತೆಂದರೆ ರಸ್ತೆಯ ಅರ್ಧಕ್ಕೆ ಭತ್ತ ಹರವಿ ಅಂಚಿಗೆ ಕಲ್ಲು ಜೋಡಿಸಿರುತ್ತಾರೆ. ಅದು ರೈತನ ವರ್ಷದ ದುಡಿಮೆ. ಆ ದಾರಿಯನ್ನು ಆ ವಾರಗಳಲ್ಲಿ ಬಿಟ್ಟುಕೊಡಬೇಕಾದವರು ನಾವು.

ಪರೀಕ್ಷೆಯಲ್ಲಿ ಒಬ್ಬ ಸವಾರರ ಮಿತಿಬಡಿತ 162 ಬಂತೆಂದು ಇಟ್ಟುಕೊಳ್ಳೋಣ. ಫ್ರೀಲ್ ಅವರ ಹಂತಗಳ ಪ್ರಕಾರ ಅವರ ಚೇತರಿಕೆಯ ಸವಾರಿ ಮಿತಿಬಡಿತದ ಶೇಕಡ 81ಕ್ಕಿಂತ ಕೆಳಗೆ, ಅಂದರೆ 131ರ ಕೆಳಗೆ ಇರಬೇಕು. ಶೇಕಡ 81ರಿಂದ 89, ಅಂದರೆ 131ರಿಂದ 144ರ ತನಕ, ದೀರ್ಘ ಸವಾರಿಯ ಮಟ್ಟ. ಶೇಕಡ 90ರಿಂದ 93ರ ನಡುವಿನ ಮಟ್ಟ ಇಂಟರ್ವಲ್ಲಿಗೆ ಹಗುರ, ಚೇತರಿಕೆಗೆ ಭಾರ. ಯೋಚಿಸದೆ ತುಳಿಯುವವರು ದಿನವೂ ಹೋಗಿ ಸಿಕ್ಕಿಕೊಳ್ಳುವುದು ಇಲ್ಲಿಯೇ. ಶೇಕಡ 94ರಿಂದ 99, ಅಂದರೆ 152ರಿಂದ 160ರ ತನಕ, ಮಿತಿಯ ಕೆಳಗಿನ ದೊಡ್ಡ ಸುತ್ತುಗಳಿಗೆ ಮೀಸಲು. 162ರಿಂದ 172ರ ತನಕದ್ದು ಬಿರುಸಾದ ಚಿಕ್ಕ ಸುತ್ತುಗಳ ಕೊನೆಯಲ್ಲಿ ಕಾಣಬೇಕಾದ ಅಂಕಿ.

ಸುತ್ತುಗಳನ್ನು ತುಳಿಯುವ ಕ್ರಮ

ಮೊದಲು ಹತ್ತು ನಿಮಿಷದ ಸುತ್ತನ್ನು ವಿವರವಾಗಿ ನೋಡೋಣ, ಏಕೆಂದರೆ ಇದನ್ನು ಸರಿಯಾಗಿ ತುಳಿಯಲು ಕಲಿತವರಿಗೆ ಉಳಿದವು ಸುಲಭ. ಹದಿನೈದರಿಂದ ಇಪ್ಪತ್ತು ನಿಮಿಷ ಹಗುರವಾಗಿ ತುಳಿದು, ನಡುವೆ ಒಂದೊಂದು ನಿಮಿಷದ ಎರಡು ಮೂರು ಬಿರುಸು ಎಳೆತಗಳನ್ನು ಸೇರಿಸಿ ಮೈ ಬಿಸಿ ಮಾಡಿಕೊಳ್ಳಿ. ಅನಂತರ ಹತ್ತು ನಿಮಿಷದ ಮೂರು ಸುತ್ತುಗಳು, ನಡುವೆ ಐದೈದು ನಿಮಿಷ ಹಗುರವಾದ ತುಳಿತ.

ಮೊದಲ ಸುತ್ತು ಆರಂಭವಾದಾಗ ಪರದೆಯಲ್ಲಿ 125 ಇರಬಹುದು, ಗುರಿ 152ರಿಂದ 160. ಇಲ್ಲಿಯೇ ಸಂಯಮ ಬೇಕು. ಒಂದು ಗಂಟೆ ಹಿಡಿದಿಡಬಹುದು ಅನ್ನಿಸುವ ಶ್ರಮಕ್ಕೆ ಗೇರು ಹೊಂದಿಸಿಕೊಂಡು, ಪೆಡಲನ್ನು ಸಮವಾಗಿ ತಿರುಗಿಸುತ್ತ, ಬಡಿತ ತಾನಾಗಿ ಏರಿ ಬರಲೆಂದು ಕಾಯಬೇಕು. ಮೂರು ಶಬ್ದಗಳ ಚಿಕ್ಕ ವಾಕ್ಯ ಹೇಳಲು ಸಾಧ್ಯವಾಗಬೇಕು, ಮಾತು ಮುಂದುವರಿಸಲು ಮನಸ್ಸಾಗಬಾರದು. ಉಸಿರು ಆಳವಾಗಿರಬೇಕು, ಆದರೆ ಲಯ ತಪ್ಪಿರಬಾರದು. ಎರಡನೆಯ ನಿಮಿಷದ ಕೊನೆಗೆ ಬಡಿತ 145ರಲ್ಲಿದ್ದರೆ ಅದು ತಕ್ಕುದಾದ ನಡೆ. ಒಂದೇ ನಿಮಿಷದಲ್ಲಿ 155 ಮುಟ್ಟಿದ್ದರೆ ನೀವು ಹೆಚ್ಚು ಬಲ ಹಾಕುತ್ತಿದ್ದೀರಿ ಎಂದು ತಿಳಿದು ಒಂದು ಗೇರು ಹಗುರ ಮಾಡಿಕೊಳ್ಳಬೇಕು. ಏಳನೆಯ ನಿಮಿಷದಲ್ಲಿ ನೋಡಿದಾಗ ಬಡಿತ ಗುರಿಯೊಳಗಿದ್ದರೆ ನಿಮ್ಮ ಅಂದಾಜು ಸರಿ. ಗುರಿಗಿಂತ ಕೆಳಗಿದ್ದರೆ ಆ ಸುತ್ತಿನಲ್ಲಿ ಬಲ ಹೆಚ್ಚಿಸದೆ ಮುಂದಿನ ಸುತ್ತಿನಲ್ಲಿ ತುಸು ಹೆಚ್ಚಿಸಿ.

ಎರಡನೆಯ ಮತ್ತು ಮೂರನೆಯ ಸುತ್ತುಗಳಲ್ಲಿ ಬಡಿತ ಬೇಗ ಏರುತ್ತದೆ, ಅದೇ ಶ್ರಮಕ್ಕೆ ಮೂರರಿಂದ ಐದು ಬಡಿತ ಮೇಲೆಯೂ ನಿಲ್ಲುತ್ತದೆ. ಇದು ಸಹಜ. ಆದ್ದರಿಂದ ಮೊದಲ ಸುತ್ತಿನಲ್ಲಿ ಗುರಿಯ ಕೆಳಗಿನ ಅಂಚಿನಲ್ಲಿ, ಈ ಉದಾಹರಣೆಯಲ್ಲಿ 152 ಅಥವಾ 153ರಲ್ಲಿ, ನಿಲ್ಲುವಂತೆ ತುಳಿಯುವುದು ಜಾಣತನ. ಮೊದಲ ಸುತ್ತಿನಲ್ಲೇ 160 ಮುಟ್ಟಿಸಿದವರಿಗೆ ಮೂರನೆಯ ಸುತ್ತು ಮಿತಿ ದಾಟಿಯೇ ದಾಟುತ್ತದೆ.

ಎಂಟು ನಿಮಿಷದ ನಾಲ್ಕು ಸುತ್ತುಗಳು ಇದಕ್ಕಿಂತ ಬಿರುಸು. ನಾರ್ವೆಯಲ್ಲಿ ನೆಲೆಸಿದ ಸಂಶೋಧಕ ಸ್ಟೀಫನ್ ಸೈಲರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹವ್ಯಾಸಿ ಸೈಕಲ್ ಸವಾರರನ್ನು ಗುಂಪುಗಳಾಗಿ ವಿಂಗಡಿಸಿ, ನಾಲ್ಕು, ಎಂಟು ಮತ್ತು ಹದಿನಾರು ನಿಮಿಷದ ನಾಲ್ಕು ನಾಲ್ಕು ಸುತ್ತುಗಳನ್ನು ತುಳಿಸಿ ಹೋಲಿಸಿದರು. ಎಂಟು ನಿಮಿಷದ ಸುತ್ತುಗಳನ್ನು ಗರಿಷ್ಠ ಬಡಿತದ ಸುಮಾರು ಶೇಕಡ 90ರಲ್ಲಿ ತುಳಿದವರು ಹೆಚ್ಚು ಸುಧಾರಿಸಿದರು. ಅತಿ ಬಿರುಸಿನ ಚಿಕ್ಕ ಸುತ್ತಿಗಿಂತ ಒಂದಿಷ್ಟು ಕಡಿಮೆ ಬಿರುಸಿನಲ್ಲಿ ಹೆಚ್ಚು ಹೊತ್ತು ಉಳಿಯುವುದು ಫಲಕೊಟ್ಟಿತೆಂಬ ಈ ಮಾತು, ಮಾಪಕವೊಂದನ್ನೇ ನೆಚ್ಚಿಕೊಂಡವರಿಗೆ ಇಮ್ಮಡಿ ಅನುಕೂಲ: ಫಲವೂ ಹೆಚ್ಚು, ಅಳೆಯುವುದೂ ಸುಲಭ. ಸಂಡೂರಿನ ಗುಡ್ಡಗಳಲ್ಲಿ ಕುಮಾರಸ್ವಾಮಿ ದೇವಸ್ಥಾನದ ಕಡೆಗೆ ಏರುವ ದಾರಿಯಂತಹ ಏರು ಇಂತಹ ಸುತ್ತಿಗೆ ಹೊಂದುತ್ತದೆ, ಏಕೆಂದರೆ ಏರಿನಲ್ಲಿ ಪೆಡಲ್ ನಿಲ್ಲಿಸಲು ಅವಕಾಶವಿಲ್ಲ, ಬಡಿತವೂ ಸಮವಾಗಿರುತ್ತದೆ. ಅದಿರಿನ ಲಾರಿಗಳ ಓಡಾಟವನ್ನು ಮೊದಲು ವಿಚಾರಿಸಿಕೊಳ್ಳಬೇಕು. ಬಯಲಿನವರು ಎದುರುಗಾಳಿಯನ್ನೇ ಏರೆಂದು ಭಾವಿಸಿ ಸುತ್ತುಗಳನ್ನು ಗಾಳಿಗೆ ಮುಖಮಾಡಿ ತುಳಿದು, ಬಿಡುವನ್ನು ಹಿಂದಿರುಗುವ ದಿಕ್ಕಿನಲ್ಲಿ ಕಳೆಯಬಹುದು. ಸುತ್ತನ್ನು ಯಾವಾಗಲೂ ನಿಮಿಷದಿಂದ ಅಳೆಯಬೇಕು. ಕಿಲೋಮೀಟರಿನಿಂದ ಅಳೆದರೆ ಗಾಳಿ ಸುತ್ತಿನ ಉದ್ದವನ್ನೇ ಬದಲಿಸಿಬಿಡುತ್ತದೆ.

ನಾಲ್ಕು ನಿಮಿಷದ ನಾಲ್ಕು ಸುತ್ತುಗಳ ಪದ್ಧತಿಯೂ ನಾರ್ವೆಯದೇ. ಗರಿಷ್ಠ ಬಡಿತದ ಶೇಕಡ 90ರಿಂದ 95, ನಡುವೆ ಶೇಕಡ 70ರ ಸುಮಾರಿನಲ್ಲಿ ಮೂರು ನಿಮಿಷ. ಇಲ್ಲಿ ಮೊದಲ ಎರಡು ನಿಮಿಷ ಪರದೆಯನ್ನು ನೋಡಲೇಬೇಡಿ. ನೋಡಬೇಕಾದದ್ದು ಕೊನೆಯ ಒಂದು ನಿಮಿಷವನ್ನು. ಅದಕ್ಕಿಂತ ಚಿಕ್ಕ ಸುತ್ತುಗಳಲ್ಲಿ ಬಿಡಿ ಸುತ್ತಿನ ಅಂಕಿಯನ್ನು ಬಿಟ್ಟು, ಇಡೀ ಕಂತಿನ ಕೊನೆಯಲ್ಲಿ ಬಡಿತ ಎಲ್ಲಿಗೆ ಮುಟ್ಟಿತೆಂಬುದನ್ನಷ್ಟೇ ಬರೆದಿಡಬೇಕು.

ಇನ್ನು ಬಿಡುವಿನ ವಿಷಯ. ಪ್ರತಿ ಸುತ್ತು ಮುಗಿದಾಗಿನ ಬಡಿತವನ್ನೂ ಸರಿಯಾಗಿ ಒಂದು ನಿಮಿಷದ ಅನಂತರದ ಬಡಿತವನ್ನೂ ಗಮನಿಸಿ. ಮೊದಲ ಸುತ್ತಿನ ಬಳಿಕ ಒಂದು ನಿಮಿಷದಲ್ಲಿ 30 ಬಡಿತ ಇಳಿದದ್ದು ಮೂರನೆಯ ಸುತ್ತಿನ ಬಳಿಕ 27 ಇಳಿದರೆ ಚಿಂತೆಯಿಲ್ಲ. ಅದು 18ಕ್ಕೆ ಕುಸಿದಿದ್ದರೆ ದೇಹ ಆ ದಿನದ ಮಟ್ಟಿಗೆ ಸಾಕೆನ್ನುತ್ತಿದೆ. ಯೋಜನೆಯಲ್ಲಿ ನಾಲ್ಕನೆಯ ಸುತ್ತು ಇದ್ದರೂ ಅಲ್ಲಿಗೆ ನಿಲ್ಲಿಸಿ ಹಗುರವಾಗಿ ಮನೆಗೆ ತುಳಿಯಬೇಕು. ಗೆರ್ಶ್ಲರ್ ಅವರ 120ರ ಅಂಕಿ ಎಳೆಯ ಓಟಗಾರರಿಗೆ ಹೇಳಿದ್ದು. ಅದನ್ನು ಎಲ್ಲರೂ ಹಾಗೆಯೇ ಅನುಸರಿಸಬೇಕಾಗಿಲ್ಲ, ಆದರೆ ಇಳಿತವನ್ನು ನೋಡಬೇಕೆಂಬ ಅವರ ವಿವೇಕವನ್ನು ಬಿಡಬಾರದು. ಬಿಡುವಿನಲ್ಲಿ ಪೆಡಲನ್ನು ಪೂರ್ತಿ ನಿಲ್ಲಿಸದೆ ಹಗುರ ಗೇರಿನಲ್ಲಿ ತಿರುಗಿಸುತ್ತಿರುವುದು ಲೇಸು.

ಪರದೆಯನ್ನು ಪದೇ ಪದೇ ನೋಡುವ ಚಪಲಕ್ಕೆ ಒಂದು ಉಪಾಯವಿದೆ: ಬಡಿತ ಮೇಲಿನ ಅಂಚು ದಾಟಿದಾಗ ಬೀಪ್ ಶಬ್ದ ಬರುವಂತೆ ಮಾಪಕವನ್ನು ಹೊಂದಿಸಿಕೊಳ್ಳಬಹುದು. ಕುರಿಹಿಂಡು, ಎತ್ತಿನ ಗಾಡಿ, ತಿರುವಿನಲ್ಲಿ ಥಟ್ಟನೆ ಬರುವ ಟಂಟಂ ಇರುವ ರಸ್ತೆಯಲ್ಲಿ ಕಣ್ಣು ದಾರಿಯ ಮೇಲೆಯೇ ಇರಬೇಕು.

ಬಿಸಿಲಿನಲ್ಲಿ ಬಡಿತದ ಏರಿಕೆ

ಏಪ್ರಿಲ್, ಮೇ ತಿಂಗಳುಗಳಲ್ಲಿ ರಾಯಚೂರು ಮತ್ತು ಬಳ್ಳಾರಿಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸತಲ್ಲ. ಬೆಳಗಿನ ಎಂಟು ಗಂಟೆಗೇ ಡಾಂಬರು ಕಾಯತೊಡಗಿರುತ್ತದೆ. ಇಂತಹ ಹೊತ್ತಿನಲ್ಲಿ ಹೃದಯಕ್ಕೆ ಎರಡು ಕೆಲಸಗಳು ಬೀಳುತ್ತವೆ: ಸ್ನಾಯುಗಳಿಗೆ ರಕ್ತ ಒದಗಿಸುವುದು, ಒಳಗಿನ ಕಾವನ್ನು ಹೊರಹಾಕಲು ಚರ್ಮಕ್ಕೂ ರಕ್ತ ಕಳುಹಿಸುವುದು. ಬೆವರಿನಿಂದ ರಕ್ತದ ದ್ರವಾಂಶ ಕಡಿಮೆಯಾಗುತ್ತದೆ, ಒಂದೊಂದು ಬಡಿತಕ್ಕೆ ಹೊಮ್ಮುವ ರಕ್ತದ ಪ್ರಮಾಣ ಇಳಿಯುತ್ತದೆ, ಅದನ್ನು ಸರಿದೂಗಿಸಲು ಬಡಿತದ ಸಂಖ್ಯೆ ಏರುತ್ತದೆ. ಒಂದೇ ಶ್ರಮದಲ್ಲಿ ತುಳಿಯುತ್ತಿದ್ದರೂ ಒಂದು ಗಂಟೆಯೊಳಗೆ ಬಡಿತ 10, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಮೇಲೇರುವುದುಂಟು.

ಹಾಗಾದರೆ ಬೇಸಗೆಯಲ್ಲಿ ಬಡಿತವನ್ನು ನಂಬಬೇಕೇ, ಶ್ರಮವನ್ನು ನಂಬಬೇಕೇ ಎಂಬ ಪ್ರಶ್ನೆ ಬರುತ್ತದೆ. ಮೇಲಿನ ಮಿತಿಯ ವಿಷಯದಲ್ಲಿ ಬಡಿತವನ್ನೇ ನಂಬಬೇಕು. ಕಾಲುಗಳಿಗೆ ಹಗುರವೆನ್ನಿಸಿದರೂ ಹೃದಯ ನಿಜವಾಗಿಯೂ ಅಷ್ಟು ದುಡಿಯುತ್ತಿರುತ್ತದೆ. ಆ ಏರಿಕೆ ಮಾಪಕದ ತಪ್ಪಲ್ಲ. ಆದ್ದರಿಂದ ಗುರಿಯ ಮೇಲಿನ ಅಂಚು ಮೇ ತಿಂಗಳಲ್ಲಿಯೂ ಅದೇ ಇರಲಿ. ವೇಗ ಕಡಿಮೆಯಾಗುವುದನ್ನು ಒಪ್ಪಿಕೊಳ್ಳಿ. ಆದರೆ ಗುರಿಯ ಕೆಳಗಿನ ಅಂಚಿನ ವಿಷಯ ಬೇರೆ. ಬಿಸಿಲಿನಿಂದ ಏರಿದ ಬಡಿತ ಗುರಿಯೊಳಗೆ ಬಂದಿತೆಂದು ಕಾಲುಗಳಿಗೆ ಬೇಕಾದಷ್ಟು ತರಬೇತಿ ದೊರೆತಂತಾಗುವುದಿಲ್ಲ. ಈ ಕಾರಣಕ್ಕಾಗಿಯೇ ಬಿರುಸಿನ ಅಭ್ಯಾಸವನ್ನು ಬೆಳಗಿನ ಐದೂವರೆಗೆ ಆರಂಭಿಸಿ ಏಳರೊಳಗೆ ಮುಗಿಸುವುದು ಸೂಕ್ತ. ಸೈಕಲ್ಲಿಗೆ ಹಿಂದೆ ಮುಂದೆ ದೀಪ ಇರಲೇಬೇಕು. ಮನೆಯೊಳಗೆ, ಸೈಕಲ್ಲನ್ನು ನಿಂತಲ್ಲೇ ತುಳಿಯಲು ಕೂರಿಸುವ ಟ್ರೈನರ್ ಎಂಬ ಸಾಧನದ ಮೇಲೆ ತುಳಿಯುವವರು ಎದುರಿಗೆ ದೊಡ್ಡ ಫ್ಯಾನ್ ಇಟ್ಟುಕೊಳ್ಳದಿದ್ದರೆ ಜನವರಿಯಲ್ಲಿಯೂ ಇದೇ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ.

ದೇಹ ಬಿಸಿಲಿಗೆ ಒಗ್ಗಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನಗಳ ಕ್ರಮಬದ್ಧ ಅಭ್ಯಾಸ ಬೇಕಾಗುತ್ತದೆ. ಆ ಅವಧಿಯಲ್ಲಿ ರಕ್ತದ ದ್ರವಾಂಶ ಹೆಚ್ಚಿ, ಬೆವರು ಬೇಗ ಮೂಡತೊಡಗಿ, ಅದೇ ಶ್ರಮಕ್ಕೆ ಬಡಿತ ಇಳಿಯುತ್ತದೆ. ಮಾರ್ಚ್ ತಿಂಗಳಲ್ಲಿ ಉಷ್ಣಾಂಶ ಏರತೊಡಗಿದ ಮೊದಲ ಎರಡು ವಾರ ಇಂಟರ್ವಲ್ಲುಗಳನ್ನು ಬದಿಗಿಟ್ಟು ಹಗುರ ಸವಾರಿ ಮಾಡುವುದು ಒಳಿತು. ನೀರಿನ ಲೆಕ್ಕಕ್ಕೆ ಒಂದು ಸುಲಭ ಹಾದಿಯಿದೆ: ಹೊರಡುವ ಮುನ್ನ ಮತ್ತು ಬಂದ ಮೇಲೆ ತೂಕ ನೋಡಿಕೊಳ್ಳುವುದು. ದೇಹದ ತೂಕದ ಶೇಕಡ 2ಕ್ಕಿಂತ ಹೆಚ್ಚು, ಅಂದರೆ 70 ಕಿಲೋ ತೂಗುವವರಲ್ಲಿ 1.4 ಕಿಲೋಗಿಂತ ಹೆಚ್ಚು, ಇಳಿದಿದ್ದರೆ ದಾರಿಯಲ್ಲಿ ಕುಡಿದದ್ದು ಸಾಲದು. ಬರೀ ನೀರಿಗಿಂತ ಉಪ್ಪು, ಸಕ್ಕರೆ, ನಿಂಬೆಹಣ್ಣು ಬೆರೆಸಿದ ನೀರು ಮೇಲು. ಮನೆಗೆ ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆಗಿಂತ ಹಿತವಾದದ್ದು ಈ ಸೀಮೆಯಲ್ಲಿ ಇನ್ನೊಂದಿಲ್ಲ. ಬಿಸಿಲಿನಲ್ಲಿ ಚಳಿಯೆನ್ನಿಸುವುದು, ತಲೆ ಸುತ್ತುವುದು, ಮಾತು ತೊದಲುವುದು, ಪೆಡಲ್ ನಿಲ್ಲಿಸಿದ ಮೇಲೂ ಬಡಿತ ಇಳಿಯದಿರುವುದು, ಇವುಗಳಲ್ಲಿ ಯಾವುದು ಕಂಡರೂ ನೆರಳಿಗೆ ಹೋಗಿ ಮೈಮೇಲೆ ನೀರು ಸುರಿದುಕೊಂಡು ಸಹಾಯಕ್ಕೆ ಕರೆಯಬೇಕು.

ಅಂಕಿಯೂ ಅನುಭವವೂ ಹೊಂದದಿದ್ದಾಗ

ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನರ್ ಬೋರ್ಗ್ ಶ್ರಮದ ಅನುಭವವನ್ನು 6ರಿಂದ 20ರ ತನಕದ ಅಂಕಗಳಲ್ಲಿ ಹೇಳುವ ಮಾಪನವೊಂದನ್ನು ರೂಪಿಸಿದರು. 6ರಿಂದ ಆರಂಭಿಸಿದ್ದಕ್ಕೆ ಕಾರಣವಿದೆ: ಆರೋಗ್ಯವಂತ ವಯಸ್ಕರಲ್ಲಿ ಆ ಅಂಕವನ್ನು 10ರಿಂದ ಗುಣಿಸಿದರೆ ಎದೆಬಡಿತದ ಸ್ಥೂಲ ಅಂದಾಜು ಸಿಗುತ್ತದೆ. ಪ್ರತಿ ಸುತ್ತಿಗೂ ಇಂತಹ ಒಂದು ಅಂಕವನ್ನು ಬಡಿತದ ಪಕ್ಕದಲ್ಲಿ ಬರೆದುಕೊಳ್ಳುತ್ತ ಹೋದರೆ, ಕೆಲವು ವಾರಗಳಲ್ಲಿ ನಿಮ್ಮದೇ ಆದ ಹೊಂದಾಣಿಕೆ ತಿಳಿಯುತ್ತದೆ. ಆ ಹೊಂದಾಣಿಕೆ ಮುರಿದ ದಿನವೇ ಮಾಪಕ ಅತಿ ಹೆಚ್ಚು ಉಪಯೋಗಕ್ಕೆ ಬರುವ ದಿನ.

ಹಗುರವಾಗಿ ತುಳಿಯುತ್ತಿರುವಾಗಲೇ ಬಡಿತ ಎಂದಿಗಿಂತ 10 ಹೆಚ್ಚಿದ್ದರೆ ನಿದ್ದೆಗೇಡು, ನೀರಿನ ಕೊರತೆ, ಹೊರಡುವ ಮುನ್ನ ಕುಡಿದ ಗಟ್ಟಿ ಕಾಫಿ ಅಥವಾ ಒಳಗೆ ಮೂಡುತ್ತಿರುವ ಜ್ವರ ಕಾರಣವಿರಬಹುದು. ಬೆಳಗ್ಗೆ ಹಾಸಿಗೆಯಲ್ಲಿದ್ದಾಗಲೇ ನಾಡಿ ನೋಡಿಕೊಳ್ಳುವವರಿಗೆ ಇದು ಮೊದಲೇ ತಿಳಿಯುತ್ತದೆ. ಜ್ವರವಿದ್ದಾಗ ಮತ್ತು ಜ್ವರ ಬಿಟ್ಟ ಮೊದಲ ದಿನಗಳಲ್ಲಿ ಇಂಟರ್ವಲ್ ಸಲ್ಲದು. ಸೋಂಕು ಹೃದಯದ ಸ್ನಾಯುವನ್ನೂ ಮುಟ್ಟಿರುವ ಸಾಧ್ಯತೆ ಇರುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಕಾಲುಗಳು ಕಲ್ಲಾಗಿವೆ, ಶ್ರಮ 17 ಅನ್ನಿಸುತ್ತಿದೆ, ಬಡಿತ ಮಾತ್ರ 145ರ ಮೇಲೆ ಏರುತ್ತಲೇ ಇಲ್ಲ ಎಂದಾದರೆ ಅದು ಕೂಡಿಬಂದ ದಣಿವು. ಬಡಿತ ಕಡಿಮೆಯಿದೆ, ಇನ್ನೂ ಬಲ ಹಾಕೋಣವೆಂದು ಆ ದಿನ ಹಟಕ್ಕೆ ಬೀಳುವವರು ವಾರಗಟ್ಟಲೆ ಹಿಂದೆ ಬೀಳುತ್ತಾರೆ. ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಇಂಟರ್ವಲ್ ಬೇಡ. ಉಳಿದ ದಿನಗಳ ಸವಾರಿ ಮಾತನಾಡುತ್ತ ಹೋಗುವಷ್ಟು ಹಗುರವಾಗಿರಲಿ.

ರಕ್ತದೊತ್ತಡಕ್ಕೆಂದು ಅಟೆನೊಲಾಲ್, ಮೆಟೊಪ್ರೊಲಾಲ್‌ನಂತಹ ಮಾತ್ರೆ ಸೇವಿಸುವವರಲ್ಲಿ ಔಷಧಿಯೇ ಬಡಿತವನ್ನು ತಡೆದು ಹಿಡಿಯುತ್ತದೆ. ಅವರಿಗೆ ವಯಸ್ಸಿನ ಸೂತ್ರಗಳು ಅನ್ವಯಿಸುವುದಿಲ್ಲ. ಉಸಿರು ಮತ್ತು ಬೋರ್ಗ್ ಅಂಕಗಳನ್ನೇ ಅನುಸರಿಸಬೇಕು. ಅಭ್ಯಾಸಕ್ಕಾಗಿ ಮಾತ್ರೆ ಬಿಡುವುದು ಎಂದಿಗೂ ಸಲ್ಲದು. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಇರುವವರು, ಮನೆತನದಲ್ಲಿ ಎಳೆಯ ವಯಸ್ಸಿಗೇ ಹೃದಯಾಘಾತ ಕಂಡವರು ಮೂವತ್ತು ನಿಮಿಷದ ಪರೀಕ್ಷೆಗೆ ಇಳಿಯುವ ಮುನ್ನ ವೈದ್ಯರ ಸಲಹೆಯಂತೆ ಇಸಿಜಿ ಮತ್ತು ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ಎದೆಯಲ್ಲಿ ಬಿಗಿತ, ದವಡೆಗೆ ಅಥವಾ ಎಡತೋಳಿಗೆ ಹರಿಯುವ ನೋವು ಕಾಣಿಸಿಕೊಂಡರೆ ಮಾಪಕ ಎಷ್ಟೇ ತೋರಿಸುತ್ತಿರಲಿ, ಅಲ್ಲಿಯೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಮಿತಿಬಡಿತದ ಪರೀಕ್ಷೆಯನ್ನು ಆರರಿಂದ ಎಂಟು ವಾರಕ್ಕೊಮ್ಮೆ ಮತ್ತೆ ಮಾಡಿ. ಪ್ರತಿ ಸಲವೂ ಅದೇ ರಸ್ತೆ, ಅದೇ ಹೊತ್ತು, ಹಿಂದಿನ ದಿನ ಅಷ್ಟೇ ವಿಶ್ರಾಂತಿ ಇರಲಿ. ಸಾಮರ್ಥ್ಯ ಹೆಚ್ಚಿದಂತೆ ಮಿತಿಬಡಿತ ಬಹಳ ಏರುತ್ತದೆಂದು ಕಾಯಬೇಡಿ. ಅನೇಕರಲ್ಲಿ ಅದು ಒಂದೆರಡು ಬಡಿತದಷ್ಟೇ ಬದಲಾಗುತ್ತದೆ. ಸುಧಾರಣೆ ಕಾಣುವುದು ಬೇರೆ ಕಡೆ: ಗಾಳಿಯಿಲ್ಲದ ಬೆಳಗಿನಲ್ಲಿ, ಅದೇ 155 ಬಡಿತಕ್ಕೆ, ಅದೇ ಹತ್ತು ನಿಮಿಷದಲ್ಲಿ ಕ್ರಮಿಸಿದ ದೂರ ಎಷ್ಟು ಹೆಚ್ಚಾಯಿತು ಎಂಬಲ್ಲಿ. ನೋಟುಪುಸ್ತಕದಲ್ಲಿ ಪ್ರತಿ ಸುತ್ತಿನ ಕೊನೆಯ ಬಡಿತ, ಒಂದು ನಿಮಿಷದ ಇಳಿತ, ಬೋರ್ಗ್ ಅಂಕ, ಉಷ್ಣಾಂಶ ಮತ್ತು ಗಾಳಿಯ ದಿಕ್ಕು ಬರೆದಿರಬೇಕು. ಜನವರಿಯಲ್ಲಿ ಬಂದ ದೂರವನ್ನು ಏಪ್ರಿಲಿನದಕ್ಕೆ ಹೋಲಿಸದೆ, ಮುಂದಿನ ಜನವರಿಯದಕ್ಕೇ ಹೋಲಿಸಬೇಕು.